ಹೊಳೆಕೊಪ್ಪ ಕೋಚಿಂಗ್ ಡಿಪೋ: ನಮ್ಮ ಮಾದರಿ ರೈಲು ಲೇಔಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ನಾವು ಕೆಲವು ಗೆಳೆಯರು ಸೇರಿ ರೈಲು ಕೋಚುಗಳನ್ನು ತೊಳೆದು, ಪರೀಕ್ಷಿಸುವ ಡಿಪೋ ಒಂದರ ಮಾದರಿ ಕಟ್ಟಿದ್ದೇವೆ. ಅದನ್ನು ನೋಡಲು ಬಂದವರು, ನೋಡಿ ತಾವೂ ಒಂದು ಕಟ್ಟಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೆಲವಕ್ಕೆ ಉತ್ತರ ಉದ್ದವಿದೆ, ಕೆಲವಕ್ಕೆ ಎರಡು ಸಾಲು ಸಾಕಾಗಿದೆ.

ಹೊಳೆಕೊಪ್ಪ ಎಲ್ಲಿದೆ? ತಾಳಗುಪ್ಪ ಲೈನಿನಲ್ಲಿ ಅಂಥ ಸ್ಟೇಷನ್ ನೋಡಿದ ನೆನಪಿಲ್ಲ.

ನೋಡಿರಲು ಸಾಧ್ಯವಿಲ್ಲ, ಅದು ನಮ್ಮ ಹಲಗೆಯ ಮೇಲೆ ಮಾತ್ರ ಇರುವ ಊರು. ಶಿವಮೊಗ್ಗಕ್ಕೂ ಕುಂಸಿಗೂ ನಡುವೆ ಎಲ್ಲೋ ಇದೆ ಎಂದು ಇಟ್ಟುಕೊಂಡಿದ್ದೇವೆ. ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿ ಬಂದದ್ದು 1899ರಲ್ಲಿ. ಅದು ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪ ಮುಟ್ಟುವಾಗ 1940 ಆಗಿತ್ತು. ನಿಜವಾದ ಕೋಚಿಂಗ್ ಡಿಪೋಗೆ ಕೋಟೆಗಂಗೂರಿನಲ್ಲಿ ಶಂಕುಸ್ಥಾಪನೆ ಆದದ್ದು 2023ರ ಫೆಬ್ರವರಿ 27ರಂದು, ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ದಿನವೇ. ಬೆಂಗಳೂರು, ಮೈಸೂರಿನ ಡಿಪೋಗಳ ಮೇಲಿನ ಹೊರೆ ಇಳಿಸಿ, ಶಿವಮೊಗ್ಗದಿಂದಲೇ ಹೊಸ ರೈಲು ಹೊರಡಿಸಲು ಅನುಕೂಲವಾಗಲಿ ಎಂಬುದು ಅದರ ಉದ್ದೇಶ.

ಕೋಟೆಗಂಗೂರನ್ನೇ ನಕಲು ಮಾಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ನಕಲು ಮಾಡಿದರೆ ಒಂದು ಹಳಿ ಕಡಿಮೆಯಾದರೂ ಲೆಕ್ಕ ಕೊಡಬೇಕಾಗುತ್ತದೆ. ಕಲ್ಪಿತ ಊರಾದರೆ ಹಳಿಯನ್ನು ನಮ್ಮ ಕೋಣೆಗೆ ತಕ್ಕಂತೆ ಎಳೆದುಕೊಳ್ಳಬಹುದು. ಕೆಲಸದ ಕ್ರಮವನ್ನು ಮಾತ್ರ ನಾವು ಕಲ್ಪಿಸಿಕೊಂಡಿಲ್ಲ, ಅದು ನಿಜದ ಡಿಪೋದಲ್ಲಿ ಹೇಗಿರುತ್ತದೋ ಹಾಗೇ ಇದೆ.

ಮಲೆನಾಡಿನಲ್ಲಿದ್ದುಕೊಂಡು ಕಾಡು, ಸೇತುವೆ, ಸುರಂಗ ಎಲ್ಲ ಬಿಟ್ಟು ಡಿಪೋ ಯಾಕೆ?

ಗುಂಡಗೆ ಸುತ್ತುವ ರೈಲನ್ನು ಜನ ಎರಡು ಸುತ್ತು ನೋಡುತ್ತಾರೆ, ಮೂರನೆಯದಕ್ಕೆ ಮೊಬೈಲ್ ತೆಗೆಯುತ್ತಾರೆ. ಅದು ಎಲ್ಲಿಗೂ ಹೋಗುತ್ತಿಲ್ಲ ಎಂದು ಅವರಿಗೂ ಗೊತ್ತಾಗಿರುತ್ತದೆ. ಡಿಪೋದಲ್ಲಿ ಎಂಜಿನ್ ಒಂದು ಮೊಳ ಸರಿದರೂ ಅದಕ್ಕೊಂದು ಕಾರಣವಿರುತ್ತದೆ. ಆ ಕಾರಣ ಪಕ್ಕದಲ್ಲಿ ನಿಂತವರಿಗೆ ಒಮ್ಮೆ ಹೊಳೆಯಿತೆಂದರೆ ಅವರು ಜಾಗ ಬಿಟ್ಟು ಕದಲುವುದಿಲ್ಲ.

ಇನ್ನೊಂದು, ನಮ್ಮ ಕಡೆಯವರಿಗೆ ರೈಲು ಗೊತ್ತು, ಡಿಪೋ ಗೊತ್ತಿಲ್ಲ. ಬೆಳಿಗ್ಗೆ ಬಂದು ಇಳಿದ ರೈಲು ಸಂಜೆ ತೊಳೆದು, ನೀರು ತುಂಬಿಸಿಕೊಂಡು, ಬಾಗಿಲು ಹಾಕಿಕೊಂಡು ಮತ್ತೆ ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುತ್ತದೆ. ನಡುವಿನ ಹೊತ್ತಿನಲ್ಲಿ ಏನಾಯಿತು ಎಂಬುದು ನಮ್ಮ ಲೇಔಟಿನ ವಿಷಯ.

ಹಾಗಾದರೆ ಡಿಪೋದಲ್ಲಿ ಏನೇನಿರುತ್ತದೆ?

ರೇಕಿನ, ಅಂದರೆ ಒಟ್ಟಿಗೆ ಜೋಡಿಸಿದ ಕೋಚುಗಳ ಸಾಲಿನ, ಹಿಂದೆ ಹಿಂದೆ ಹೋಗಿ ನೋಡುವುದೇ ಸುಲಭ. ಪ್ರಯಾಣಿಕರು ಇಳಿದ ಮೇಲೆ, ಕೋಚುಗಳನ್ನು ಹಳಿಯಿಂದ ಹಳಿಗೆ ಸರಿಸುವ ಶಂಟಿಂಗ್ ಎಂಜಿನ್ ಬಂದು ರೇಕನ್ನು ಎಳೆದುಕೊಂಡು ಶಂಟಿಂಗ್ ನೆಕ್‌ಗೆ ಹೋಗುತ್ತದೆ. ಇದು ಮುಂದೆ ದಾರಿಯಿಲ್ಲದ ಉದ್ದನೆಯ ಹಳಿ, ಎಂಜಿನ್ ದಿಕ್ಕು ಬದಲಿಸಲು ಬೇಕು. ಅಲ್ಲಿಂದ ರೇಕನ್ನು ಹಿಂದಕ್ಕೆ ತಳ್ಳಿ ಪಿಟ್ ಲೈನಿಗೆ ಸೇರಿಸುತ್ತಾರೆ. ಪಿಟ್ ಲೈನ್ ಎಂದರೆ ಹಳಿಗಳ ನಡುವೆ ಆಳು ಇಳಿದು ನಡೆಯುವಷ್ಟು ಹೊಂಡವಿರುವ ಲೈನು. ರೇಕ್ ಅಲ್ಲಿದ್ದಷ್ಟು ಹೊತ್ತು ಅದನ್ನು ಯಾರೂ ಅಲ್ಲಾಡಿಸದಂತೆ ಪಾಯಿಂಟಿಗೆ, ಅಂದರೆ ಹಳಿ ಕವಲೊಡೆಯುವ ಜಾಗಕ್ಕೆ, ಬೀಗ ಬೀಳುತ್ತದೆ, ಕೆಂಪು ಬಾವುಟ ಏಳುತ್ತದೆ. ಕೆಳಗೆ ಸ್ಪ್ರಿಂಗು, ಬ್ರೇಕು, ಚಕ್ರ ನೋಡುವವರು ಒಂದು ತಂಡ. ಮೇಲೆ ಗುಡಿಸುವುದು, ತೊಳೆಯುವುದು, ಟ್ಯಾಂಕಿಗೆ ನೀರು, ಎಸಿ ಕೋಚಿಗೆ ಹೊದಿಕೆ, ದಿಂಬು ಎಲ್ಲ ಮತ್ತೊಂದು ತಂಡ. ಇದೆಲ್ಲ ಸೇರಿ ಪ್ರೈಮರಿ ಮೇಂಟೆನೆನ್ಸ್, ಸುಮಾರು ಆರು ಗಂಟೆಯ ಕೆಲಸ. ಅದು ಮುಗಿದ ರೇಕು ಹೊರಡುವ ಹೊತ್ತಿನವರೆಗೆ ಸ್ಟೇಬ್ಲಿಂಗ್ ಲೈನಿನಲ್ಲಿ ನಿಲ್ಲುತ್ತದೆ. ಯಾವುದಾದರೂ ಕೋಚು ಕೈಕೊಟ್ಟಿದ್ದರೆ ಅದನ್ನು ಮಾತ್ರ ಕಳಚಿ ದುರಸ್ತಿಗೆಂದು ಸಿಕ್ ಲೈನಿಗೆ ಹಾಕುತ್ತಾರೆ.

ಹಳೇ ಮಾದರಿಯಾದ ಐಸಿಎಫ್ ಕೋಚುಗಳಿಗೆ ತಿಂಗಳಿಗೊಮ್ಮೆ 'ಎ', ಮೂರು ತಿಂಗಳಿಗೊಮ್ಮೆ 'ಬಿ' ಎಂಬ ತಪಾಸಣೆಗಳಿವೆ. ಹೊಸ ಮಾದರಿಯಾದ ಎಲ್‌ಎಚ್‌ಬಿಗೆ ಡಿ1, ಡಿ2, ಡಿ3. ಇವಿಷ್ಟೂ ಡಿಪೋ ಮಟ್ಟದವು. ಪೂರ್ತಿ ಬಿಚ್ಚಿ ಜೋಡಿಸಿ ಬಣ್ಣ ಹೊಡೆಯುವ ದೊಡ್ಡ ಕೆಲಸಕ್ಕೆ ಕೋಚು ಮೈಸೂರಿನ ಅಶೋಕಪುರಂನಂಥ ವರ್ಕ್‌ಶಾಪಿಗೆ ಹೋಗುತ್ತದೆ. ಹಾಗಾಗಿ ಡಿಪೋದ ಮಾದರಿಯಲ್ಲಿ ದೊಡ್ಡ ಪೇಂಟಿಂಗ್ ಶೆಡ್ ಕಟ್ಟಿ ಕೂರಿಸಿದರೆ ಗೊತ್ತಿದ್ದವರು ಮುಸಿಮುಸಿ ನಗುತ್ತಾರೆ.

ಜಾಗ ಸಾಲದಿದ್ದರೆ ಇದರಲ್ಲಿ ಯಾವುದನ್ನು ಬಿಡಬಹುದು?

ವಾಷಿಂಗ್ ಪ್ಲಾಂಟ್ ಬಿಡಿ, ಚಕ್ರ ಕಡೆಯುವ ಲೇತ್ ಬಿಡಿ, ಎರಡನೆಯ ಪಿಟ್ ಲೈನನ್ನೂ ಬಿಡಿ. ಶಂಟಿಂಗ್ ನೆಕ್ ಬಿಡಬೇಡಿ, ಚಿಕ್ಕದೂ ಮಾಡಬೇಡಿ. ನಿಮ್ಮ ಅತಿ ಉದ್ದದ ರೇಕು ಮತ್ತು ಎಂಜಿನ್ ಎರಡೂ ಅದರಲ್ಲಿ ಹಿಡಿಸಬೇಕು. ಕಾಗದದ ಮೇಲೆ ಚೆಂದ ಕಾಣುವ ಎಷ್ಟೋ ನಕ್ಷೆಗಳು ಇಲ್ಲೇ ಸೋಲುತ್ತವೆ. ಪಿಟ್ ಲೈನಿಗೆ ಎರಡು ಮೀಟರ್ ಕೊಟ್ಟು ನೆಕ್‌ಗೆ ಅರ್ಧ ಮೀಟರ್ ಉಳಿಸಿದರೆ ಪ್ರತಿ ರೇಕನ್ನೂ ತುಂಡು ತುಂಡು ಮಾಡಿ ಸಾಗಿಸಬೇಕಾಗುತ್ತದೆ.

ನಿಜವಾದ ಡಿಪೋ ಒಳಗೆ ಹೋಗಿ ಫೋಟೋ ತೆಗೆಯಬಹುದೇ?

ಅನುಮತಿ ಇಲ್ಲದೆ ಕಾಲಿಡಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅತಿಕ್ರಮ ಪ್ರವೇಶ, ಶಿಕ್ಷೆಯಿದೆ. ಕಾನೂನು ಬದಿಗಿಟ್ಟರೂ, ತಳ್ಳಿಸಿಕೊಂಡು ಬರುವ ರೇಕು ಸದ್ದಿಲ್ಲದೆ ಬರುತ್ತದೆ ಎಂಬುದು ನೆನಪಿರಲಿ. ಉಪಗ್ರಹ ಚಿತ್ರದಲ್ಲಿ ಯಾವ ಡಿಪೋದ ಹಳಿ ಜೋಡಣೆಯಾದರೂ ಸ್ಪಷ್ಟವಾಗಿ ಕಾಣುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಹತ್ತಿರವಾಗುವಾಗ ಕಿಟಕಿ ಪಕ್ಕ ಕೂತರೆ ಉಳಿದದ್ದೂ ಸಿಗುತ್ತದೆ. ಎಲ್ಲಕ್ಕಿಂತ ಮೇಲು ಕೋಚು, ವ್ಯಾಗನ್ ನೋಡಿಕೊಳ್ಳುವ ರೈಲ್ವೆಯ ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಯಾರನ್ನಾದರೂ ಹಿಡಿಯುವುದು. ಒಂದು ಲೋಟ ಕಾಫಿಗೆ ಯಾವ ಕೈಪಿಡಿಯಲ್ಲೂ ಇಲ್ಲದ್ದನ್ನು ಹೇಳುತ್ತಾರೆ.

ಸ್ಕೇಲ್ ಯಾವುದು? ಹಳಿ ಅಗಲ ಸರಿಯಿಲ್ಲ ಎಂದು ಒಬ್ಬರು ಹೇಳುತ್ತಿದ್ದರು.

ಅವರು ಹೇಳಿದ್ದು ನಿಜ. ನಾವು ಬಳಸಿರುವುದು ಎಚ್‌ಒ, ಅಂದರೆ 87ಕ್ಕೆ 1: ನಿಜದ 87 ಮಿ.ಮೀ. ಇಲ್ಲಿ 1 ಮಿ.ಮೀ. ಇದರ ಸಿದ್ಧ ಹಳಿಯ ಅಗಲ 16.5 ಮಿ.ಮೀ. ಯುರೋಪಿನ 1435 ಮಿ.ಮೀ. ಗೇಜಿಗೆ ಅದು ಸರಿಹೊಂದುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ. ಅಂದರೆ ನಮ್ಮ ಕೋಚುಗಳು ಎರಡೂಮುಕ್ಕಾಲು ಮಿ.ಮೀ. ಕಿರಿದಾದ ಹಳಿಯ ಮೇಲೆ ನಿಂತಿವೆ. ಬದಿಯಿಂದ ನೋಡಿದರೆ ತಿಳಿಯುವುದಿಲ್ಲ, ಪಿಟ್ ಲೈನಿನ ತುದಿಯಲ್ಲಿ ನಿಂತು ನೇರ ನೋಡಿದರೆ ತಿಳಿಯುತ್ತದೆ. ಅದಕ್ಕೇ ನಮ್ಮ ಪಿಟ್ ಲೈನುಗಳ ತುದಿಗೆ ಶೆಡ್ ಬಂದಿದೆ!

ಕೈಯಾರೆ ಹಳಿ ಹೊಸೆಯುವ ತಾಳ್ಮೆಯಿದ್ದರೆ 19.25 ಮಿ.ಮೀ. ಅಗಲದಲ್ಲೇ ಮಾಡಬಹುದು, ಆದರೆ ಪ್ರತಿ ಪಾಯಿಂಟು, ಪ್ರತಿ ಅಚ್ಚು ನೀವೇ ಮಾಡಿಕೊಳ್ಳಬೇಕು. ಇನ್ನೊಂದು ದಾರಿಯಿದೆ, ಯಾಕೋ ಹೆಚ್ಚು ಜನ ತುಳಿದಿಲ್ಲ: ಕೋಚನ್ನೇ 100ಕ್ಕೆ 1ರ ಅಳತೆಯಲ್ಲಿ ಮಾಡುವುದು. ಆಗ 16.5 ಮಿ.ಮೀ. ಹಳಿ ಬ್ರಾಡ್‌ಗೇಜಿಗೆ ಕೂದಲೆಳೆಯಷ್ಟೇ ವ್ಯತ್ಯಾಸದಲ್ಲಿ ಕೂರುತ್ತದೆ. ಕೋಚಿನ ಮೈಯನ್ನು 3ಡಿ ಪ್ರಿಂಟ್ ಮಾಡಿಸುವವರಿಗೆ ಇದು ಒಳ್ಳೆಯ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಮನುಷ್ಯರ ಬೊಂಬೆಗಳೂ ಸಿಗುತ್ತವೆ, ವಾಸ್ತುಶಿಲ್ಪದ ಮಾದರಿ ಮಾಡುವವರು ಇದೇ ಅಳತೆ ಬಳಸುತ್ತಾರೆ.

ಹಳೇ ಮೀಟರ್‌ಗೇಜ್ ಕಾಲದ್ದು ಮಾಡಬೇಕೆಂದು ಆಸೆ. ಆಗುತ್ತದೆಯೇ?

ಚೆನ್ನಾಗಿ ಆಗುತ್ತದೆ. ಅದರ 1000 ಮಿ.ಮೀ. ಅನ್ನು 87ರಿಂದ ಭಾಗಿಸಿದರೆ 11.5 ಮಿ.ಮೀ. ಟಿಟಿ ಎಂಬ ಇನ್ನೊಂದು ಸ್ಕೇಲಿನ 12 ಮಿ.ಮೀ. ಹಳಿ ಅದಕ್ಕೆ ಬಹಳ ಹತ್ತಿರ. ತಾಳಗುಪ್ಪ ಲೈನಿನಲ್ಲಿ ಓಡುತ್ತಿದ್ದ ರೈಲ್‌ಬಸ್ಸನ್ನು ಮಾಡಿದರೆ ಒಂದೇ ಒಂದು ಬಂಡಿಯಲ್ಲಿ ಇಡೀ ರೈಲು ಮುಗಿಯಿತು. ಅರಸಾಳಿನ ಹಳೇ ಸ್ಟೇಷನ್ ಕಟ್ಟಡ ಈಗ ಮ್ಯೂಸಿಯಂ ಆಗಿದೆ. ಟೇಪು ಹಿಡಿದುಕೊಂಡು ಹೋಗಿ, ಕಿಟಕಿ, ಕಂಬ, ಹೆಂಚಿನ ಸಾಲು ಎಲ್ಲ ಅಳೆದುಕೊಂಡು ಬನ್ನಿ.

ಎಷ್ಟು ಜಾಗ ಬೇಕು?

24 ಎಲ್‌ಎಚ್‌ಬಿ ಕೋಚುಗಳ ಪೂರ್ತಿ ರೇಕು ಎಚ್‌ಒದಲ್ಲಿ ಆರೂವರೆ ಮೀಟರ್ ದಾಟುತ್ತದೆ. ಹಾಗೆ ಮಾಡಲು ಕಲ್ಯಾಣ ಮಂಟಪವೇ ಬೇಕು. ನಾವು ಆರು ಕೋಚಿಗೆ ನಿಲ್ಲಿಸಿದ್ದೇವೆ. ಒಂದು ಕೋಚು, ಮುಂದಿನದಕ್ಕೆ ಜೋಡಿಸುವ ಕೊಂಡಿ (ಕಪ್ಲಿಂಗ್) ಸೇರಿ, ಸುಮಾರು 27.6 ಸೆಂ.ಮೀ., ಆರಕ್ಕೆ 1.66 ಮೀಟರ್. ನೆಕ್‌ಗೆ ಎಂಜಿನ್ನಿನ 20 ಸೆಂ.ಮೀ. ಸೇರಿಸಿ. ಪಾಯಿಂಟುಗಳ ಸಾಲಿಗೆ 90 ಸೆಂ.ಮೀ. ಒಟ್ಟು ಹೆಚ್ಚುಕಮ್ಮಿ ನಾಲ್ಕೂವರೆ ಮೀಟರ್. 1.2 ಮೀಟರ್ ಉದ್ದ, 60 ಸೆಂ.ಮೀ. ಅಗಲದ ನಾಲ್ಕು ಹಲಗೆ ಜೋಡಿಸಿದರೆ 4.8 ಮೀಟರ್ ಆಯಿತು.

ಪ್ಲಾಟ್‌ಫಾರ್ಮ್ ಲೈನು ಹಿಂದಿನ ಪರದೆಯ ಮರೆಯಲ್ಲಿ, ಪಿಟ್ ಲೈನಿಗೆ ಸಮಾನಾಂತರವಾಗಿ ಅಡಗಿದೆ. ರೇಕು ಅಲ್ಲಿಂದ ನೆಕ್‌ಗೆ ಬಂದು ಬೇಕಾದ ಲೈನಿಗೆ ಹಿಮ್ಮೆಟ್ಟುತ್ತದೆ. ಶಂಟಿಂಗ್ ಎಂಜಿನ್ ಯಾವಾಗಲೂ ನೆಕ್ ಕಡೆಯೇ ಇರುವುದರಿಂದ ಅದು ಎಲ್ಲೂ ಸಿಕ್ಕಿಹಾಕಿಕೊಳ್ಳುವುದಿಲ್ಲ, ಒಂದೇ ಎಂಜಿನ್‌ನಲ್ಲಿ ಇಡೀ ಡಿಪೋ ನಡೆಯುತ್ತದೆ. ಪಿಟ್ ಲೈನುಗಳ ನಡುವೆ ಮಾತ್ರ ಜಿಪುಣತನ ಮಾಡಬೇಡಿ. ಕೈಗಾಡಿ, ನೀರಿನ ಪೈಪು, ಓಡಾಡುವ ಜನ ಎಲ್ಲ ಇರುವ ಜಾಗ ಅದು, 8-9 ಸೆಂ.ಮೀ. ಅಂತರ ಇರಲಿ.

ಮನೆಯಲ್ಲಿ ಅಷ್ಟೂ ಜಾಗವಿಲ್ಲವೆಂದರೆ ಇನ್ನೂ ಚಿಕ್ಕದಾದ ಎನ್ ಸ್ಕೇಲಿಗೆ ಹೋಗಿ. ಅಲ್ಲಿ ಅದೇ ಕೋಚು 15 ಸೆಂ.ಮೀ.

ಐಸಿಎಫ್ ಕೋಚೋ, ಎಲ್‌ಎಚ್‌ಬಿ ಕೋಚೋ?

ಯಾವ ವರ್ಷದ ಡಿಪೋ ಎಂದು ಮೊದಲು ತೀರ್ಮಾನಿಸಿ. ಪೆರಂಬೂರಿನ ಕಾರ್ಖಾನೆ ಐಸಿಎಫ್ ಮಾದರಿಯ ಕೋಚು ಮಾಡುವುದನ್ನು ನಿಲ್ಲಿಸಿದ್ದು 2018ರ ಜನವರಿಯಲ್ಲಿ. ಅದರ ಹಿಂದಿನ, ಮುಂದಿನ ಕೆಲವು ವರ್ಷಗಳಲ್ಲಿ ನೀಲಿ ಐಸಿಎಫ್, ಕೆಂಪು ಎಲ್‌ಎಚ್‌ಬಿ ಎರಡನ್ನೂ ಒಂದೇ ಡಿಪೋದಲ್ಲಿ ನಿಲ್ಲಿಸಬಹುದು, ಆದರೆ ಒಂದೇ ರೇಕಿನಲ್ಲಿ ಬೆರೆಸಬೇಡಿ. ಐಸಿಎಫ್‌ಗೆ ಸ್ಕ್ರೂ ಕಪ್ಲಿಂಗ್ ಮತ್ತು ಎರಡು ಬಫರ್, ಎಲ್‌ಎಚ್‌ಬಿಗೆ ನಡುವೆ ಒಂದೇ ಕಪ್ಲರ್. ಚಕ್ರಗಳ ಅಂತರವೂ ಬೇರೆ (ಬೋಗಿ ಎಂದರೆ ಇಲ್ಲಿ ಕೋಚಲ್ಲ, ಅದರ ಅಡಿಯ ಚಕ್ರಗಳ ಚೌಕಟ್ಟು): ಐಸಿಎಫ್ ಬೋಗಿಯಲ್ಲಿ 2.896 ಮೀಟರ್, ಎಲ್‌ಎಚ್‌ಬಿಯ ಫಿಯಟ್ ಬೋಗಿಯಲ್ಲಿ 2.56. ಮಾದರಿಯಲ್ಲಿ ಅದು 4 ಮಿ.ಮೀ. ವ್ಯತ್ಯಾಸ, ಕಣ್ಣಿಗೆ ಬಿದ್ದೇ ಬೀಳುತ್ತದೆ.

ಪ್ರದರ್ಶನದ ದೃಷ್ಟಿಯಿಂದ ಎಲ್‌ಎಚ್‌ಬಿಗೆ ಒಂದು ಲಾಭವಿದೆ. ಮಾದರಿ ರೈಲುಗಳಿಗೆಂದೇ ಸಿಗುವ ಕೇಡೀ ಮಾದರಿಯ ಕಪ್ಲರ್ ನೋಡಲು ಅದರ ಅಸಲಿ ಕಪ್ಲರಿನಂತೆಯೇ ಇದೆ, ಬಿದಿರು ಕಡ್ಡಿ ಆಡಿಸಿದರೆ ಕಳಚಿಕೊಳ್ಳುತ್ತದೆ.

ನಮ್ಮ ಮಳೆಗೆ ಹಲಗೆ ತಡೆಯುತ್ತದೆಯೇ?

ಇದು ಮಲೆನಾಡಿನವರು ಮಾತ್ರ ಕೇಳುವ ಪ್ರಶ್ನೆ, ಸರಿಯಾಗಿಯೇ ಕೇಳುತ್ತಾರೆ. ವಿದೇಶದ ಪುಸ್ತಕಗಳಲ್ಲಿ ಧಾರಾಳವಾಗಿ ಹೇಳುವ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಇಲ್ಲಿ ಒಂದು ಮಳೆಗಾಲಕ್ಕೆ ಅಂಚು ಬಿಟ್ಟುಕೊಂಡು ಹಪ್ಪಳವಾಗುತ್ತದೆ. ಐಎಸ್ 710 ಗುರುತಿನ 9 ಅಥವಾ 12 ಮಿ.ಮೀ. ಮರೈನ್ ಪ್ಲೈವುಡ್ ತನ್ನಿ. ಕತ್ತರಿಸಿದ ಪ್ರತಿ ಅಂಚಿಗೂ, ಕೊರೆದ ಪ್ರತಿ ತೂತಿಗೂ ವಾರ್ನಿಷ್ ಬಳಿಯಿರಿ, ಕೆಳಮೈಗೂ ಬಳಿಯಿರಿ. ಒಂದೇ ಮೈಗೆ ಬಳಿದರೆ ಇನ್ನೊಂದು ಮೈ ತೇವ ಕುಡಿದು ಹಲಗೆ ಸೊಟ್ಟಗಾಗುತ್ತದೆ. ಗೆದ್ದಲಿನ ಭಯವಿರುವ ಹಳೇ ಮನೆಗಳಲ್ಲಿ ಹಲಗೆಯನ್ನು ಗೋಡೆಗೆ ತಾಗಿಸಿ ಇಡಲೇಬೇಡಿ. ಅಲ್ಯೂಮಿನಿಯಂ ಚೌಕಟ್ಟು ಹಾಕಿಸಿದರೆ ತೂಕವೂ ಕಡಿಮೆ.

ಹಳಿ ನಿಕ್ಕಲ್ ಸಿಲ್ವರಿನದ್ದೇ ಇರಲಿ. ಉಕ್ಕಿನದ್ದು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಆಗುಂಬೆಯವರೆಗೆ ಹೋಗುವುದೇ ಬೇಡ, ತೀರ್ಥಹಳ್ಳಿಯಲ್ಲೇ ತುಕ್ಕು ಹಿಡಿಯುತ್ತದೆ. ಕೋಚುಗಳ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ರಟ್ಟಿನ ಕಟ್ಟಡಗಳಿಗೆ ಬೂಷ್ಟು ಬರುತ್ತದೆ, ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿ.

ಕೆಲಸದ ಪಂಚಾಂಗವನ್ನೂ ಮಳೆಗೆ ಹೊಂದಿಸಿಕೊಳ್ಳಬೇಕು. ಮೃಗಶಿರ ಹಿಡಿದ ಮೇಲೆ ಅಂಟು, ಬಣ್ಣ ಎರಡನ್ನೂ ಎತ್ತಿಡಿ: ಫೆವಿಕಾಲ್ ಒಣಗುವುದಿಲ್ಲ, ಸ್ಪ್ರೇ ಬಣ್ಣ ಬೂದಿ ಬಡಿದಂತೆ ಬಿಳಚಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ವೈರಿಂಗ್, ಬೆಸುಗೆ, ಕೋಚಿನ ಒಳಾಂಗಣ, ಅಕ್ಷರ ಅಂಟಿಸುವುದು ಮಾಡಿಕೊಳ್ಳಿ. ಚಿತ್ತೆ ಮಳೆ ಕಳೆದ ಮೇಲೆ ಜಲ್ಲಿ, ಹುಲ್ಲು, ಬಣ್ಣ.

ಪಿಟ್ ಲೈನ್ ಹೇಗೆ ಮಾಡಿದಿರಿ? ಹಳಿ ಗಾಳಿಯಲ್ಲಿ ನಿಂತಂತಿದೆ.

ಇದೇ ಇಡೀ ಲೇಔಟಿನ ಜೀವ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈಗಿನ ಪಿಟ್ ಲೈನಿನಲ್ಲಿ ಹಳಿಯ ಕೆಳಗೆ ಸ್ಲೀಪರ್, ಜಲ್ಲಿ ಇರುವುದಿಲ್ಲ. ಸಾಲು ಕಂಬಗಳ ತಲೆಯ ಮೇಲೆ ಹಳಿ ಕೂತಿರುತ್ತದೆ. ನಡುವೆ ಆಳವಾದ ಹೊಂಡ, ಎರಡು ಬದಿಗೂ ತಗ್ಗಿನ ನೆಲ. ಕೆಲಸಗಾರ ಬಗ್ಗದೆ ಬೋಗಿಯ ಪಕ್ಕವನ್ನು ನೋಡಬಹುದು.

ಹಲಗೆಯಲ್ಲಿ ಪಿಟ್ ಲೈನಿನಷ್ಟು ಉದ್ದದ ಗಂಡಿ ಕತ್ತರಿಸಿ, ಅದರ ಕೆಳಗೆ ಪ್ಲೈವುಡ್ಡಿನ ತೊಟ್ಟಿ ಕೂರಿಸಿದ್ದೇವೆ. ತೊಟ್ಟಿಯ ತಳಕ್ಕೆ ಎರಡು ಸೆಂ.ಮೀ.ಗೊಂದರಂತೆ ಹಿತ್ತಾಳೆ ಸಲಾಕೆಯ ತುಂಡುಗಳನ್ನು ನೆಟ್ಟು, ಅವುಗಳ ತಲೆಗೆ ಹಳಿಯನ್ನು ಬೆಸೆದಿದ್ದೇವೆ. ಎರಡೂ ಹಳಿಗಳ ನಡುವಿನ ಅಂತರ ಹಿಡಿಯಲು ಗೇಜ್ ತುಂಡು ಬೇಕೇ ಬೇಕು, ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಬೆಸುಗೆಯನ್ನು ಒಂದು ತುದಿಯಿಂದ ಸಾಲಾಗಿ ಹಾಕುತ್ತ ಹೋದರೆ ಕಾವಿಗೆ ಹಳಿ ಬಾಗುತ್ತದೆ. ಈ ತುದಿಗೊಂದು, ಆ ತುದಿಗೊಂದು, ನಡುವೆ ಒಂದು, ಹೀಗೆ ಹಾರಿಸಿ ಹಾರಿಸಿ ಹಾಕಿ. ಸಲಾಕೆಗಳಿಗೆ ಕಾಂಕ್ರೀಟ್ ಬೂದು ಬಣ್ಣದ ಪ್ಲಾಸ್ಟಿಕ್ ಕವಚ ತೊಡಿಸಿದರೆ ಕಂಬವಾಯಿತು.

ಹೊಂಡದ ಗೋಡೆಯ ಗೂಡುಗಳಲ್ಲಿ ಬಿಳಿ ಎಲ್‌ಇಡಿ. ಸಭಾಂಗಣದ ದೀಪ ಆರಿಸಿದಾಗ ಕೋಚಿನ ಕೆಳಗಿನಿಂದ ಬೆಳಕು ಬಂದು ಸ್ಪ್ರಿಂಗು, ಬ್ರೇಕ್ ಡಿಸ್ಕು, ಬಯೋ ಟಾಯ್ಲೆಟ್ ಟ್ಯಾಂಕಿನ ಅಡಿ ಎಲ್ಲ ಕಾಣುತ್ತದೆ. ಅದಕ್ಕೇ ಕೋಚಿನ ತಳವನ್ನೂ ಪೂರ್ತಿ ಮಾಡಬೇಕು. ಬೇರೆ ಲೇಔಟುಗಳಲ್ಲಿ ಯಾರೂ ನೋಡದ ಭಾಗ ಇಲ್ಲಿ ಎದುರಿಗೇ ಇರುತ್ತದೆ. ಹೊಂಡದಲ್ಲಿ ಎರಡು ಸೆಂ.ಮೀ.ಗೂ ಕಡಿಮೆ ಎತ್ತರದ ಖಲಾಸಿ ಒಬ್ಬ ಸುತ್ತಿಗೆ ಹಿಡಿದು ತಲೆಯೆತ್ತಿ ನಿಂತಿದ್ದಾನೆ. ಮಕ್ಕಳು ಮೊದಲು ಹುಡುಕುವುದೇ ಅವನನ್ನು.

ಪಾಯಿಂಟು, ಕರೆಂಟು, ಡಿಸಿಸಿ?

ಶಂಟಿಂಗ್ ಎಂಜಿನ್ ಆಮೆ ವೇಗದಲ್ಲಿ ಹೋಗುತ್ತದೆ. ಪಾಯಿಂಟಿನ ನಡುವೆ ಹಳಿಗಳು ಒಂದನ್ನೊಂದು ದಾಟುವ ತುಂಡು, ಫ್ರಾಗ್, ಪ್ಲಾಸ್ಟಿಕ್ಕಿನದ್ದಾದರೆ ಕರೆಂಟು ತಪ್ಪಿ ಅಲ್ಲೇ ನಿಂತುಬಿಡುತ್ತದೆ, ಎಲ್ಲರೂ ನೋಡುತ್ತಿರುವಾಗ ಬೆರಳಿನಲ್ಲಿ ತಳ್ಳಬೇಕು. ಫ್ರಾಗಿನಲ್ಲೂ ಕರೆಂಟು ಹರಿಯುವ ಲೈವ್ ಫ್ರಾಗ್ ಪಾಯಿಂಟುಗಳನ್ನೇ ಕೊಳ್ಳಿ. ಉದ್ದನೆಯ ಕೋಚಿಗೆ ಪೀಕೋ ಕಂಪನಿಯ ಮೀಡಿಯಂ ಪಾಯಿಂಟು, ಅಂದರೆ 914 ಮಿ.ಮೀ. ತ್ರಿಜ್ಯದ್ದು, ಕನಿಷ್ಠ ಎಂದಿಟ್ಟುಕೊಳ್ಳಿ. ತಿರುಗಿಸಲು ಎಸ್‌ಜಿ90 ಎಂಬ ಚಿಕ್ಕ ಸರ್ವೋ ಮೋಟರು ಮತ್ತು ಅದನ್ನು ನಡೆಸುವ ಒಂದು ಆರ್ಡುಯಿನೋ ಬೋರ್ಡು ಸಾಕು, ಇಂಜಿನಿಯರಿಂಗ್ ಓದುವ ಯಾವ ಹುಡುಗನಾದರೂ ಮಾಡಿಕೊಡುತ್ತಾನೆ.

ಡಿಸಿಸಿ, ಅಂದರೆ ಹಳಿಯ ಮೂಲಕ ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಆಜ್ಞೆ ಕಳಿಸುವ ಡಿಜಿಟಲ್ ವ್ಯವಸ್ಥೆ, ಬೇಕೇ ಬೇಕೆಂದಿಲ್ಲ. ಇಲ್ಲಿ ಒಂದು ಹೊತ್ತಿಗೆ ಒಂದೇ ಎಂಜಿನ್ ಚಲಿಸುತ್ತದೆ. ಸಾಮಾನ್ಯ 12 ವೋಲ್ಟ್ ಡಿಸಿ, ಪ್ರತಿ ಲೈನಿಗೊಂದು ಸ್ವಿಚ್ಚು, ಇಷ್ಟರಲ್ಲಿ ಡಿಪೋ ನಡೆಯುತ್ತದೆ. ಎಂಜಿನ್ ಸದ್ದು ಬೇಕು, ನಿಂತ ಕೋಚಿನಲ್ಲೂ ದೀಪ ಉರಿಯಬೇಕು ಎನ್ನುವವರು ಡಿಸಿಸಿಗೆ ಹೋಗಲಿ. ನಾವು ಕೋಚಿನ ದೀಪಕ್ಕೆ ಬೇರೆ ಉಪಾಯ ಮಾಡಿದ್ದೇವೆ. ನಿಜದ ಡಿಪೋದಲ್ಲೂ ಪಿಟ್ ಲೈನಿನಲ್ಲಿ ನಿಂತ ಎಲ್‌ಎಚ್‌ಬಿ ರೇಕಿಗೆ ಹೊರಗಿನಿಂದ 750 ವೋಲ್ಟ್ ಕೊಟ್ಟು ಎಸಿ ಪರೀಕ್ಷಿಸುತ್ತಾರೆ. ನಮ್ಮಲ್ಲಿ ಆ ಕರೆಂಟು ಕೊಡುವ ಪೆಟ್ಟಿಗೆಯ ಮಾದರಿಯಿಂದ ಸಣ್ಣ ವೈರೊಂದು ಕೋಚಿಗೆ ಸಿಕ್ಕಿಸಿಕೊಳ್ಳುತ್ತದೆ, ಆಗ ಆರೂ ಕೋಚಿನ ದೀಪ ಹತ್ತುತ್ತವೆ.

ನೆಲಕ್ಕೆ ನಮ್ಮೂರಿನ ಕೆಮ್ಮಣ್ಣನ್ನೇ ಹಾಕಬಹುದಲ್ಲ?

ಹಾಕುವ ಮುಂಚೆ ಒಣಗಿಸಿದ ಮಣ್ಣಿನ ಮೇಲೆ ಅಯಸ್ಕಾಂತ ಆಡಿಸಿ. ಕಪ್ಪು ಪುಡಿ ಮೆತ್ತಿಕೊಂಡರೆ ಆ ಪುಡಿಯೇ ನಾಳೆ ಎಂಜಿನ್ನಿನ ಮೋಟರಿಗೆ ಹೋಗಿ ಕೂರುತ್ತದೆ. ಹೊಳೆ ಮರಳಿನಲ್ಲೂ ಅದು ಇರುತ್ತದೆ. ಎಂ-ಸ್ಯಾಂಡಿಗೆ ಅಕ್ರಿಲಿಕ್ ಬಣ್ಣ ಕಲಸಿ ಕೆಮ್ಮಣ್ಣು ಮಾಡಿಕೊಳ್ಳುವುದು ಕ್ಷೇಮ. ಜಲ್ಲಿಗೆ ಕ್ರಷರ್ ಪುಡಿಯನ್ನು ಟೀ ಸೋಸುವ ಜರಡಿಯಲ್ಲಿ ಸೋಸಿ. ನಿಜದ ಜಲ್ಲಿ ದೊಡ್ಡದೆಂದರೆ 65 ಮಿ.ಮೀ., ಎಚ್‌ಒದಲ್ಲಿ ಮುಕ್ಕಾಲು ಮಿ.ಮೀ. ಅದಕ್ಕಿಂತ ದಪ್ಪದ್ದು ಬಂಡೆಯಂತೆ ಕಾಣುತ್ತದೆ. ಅಂಟಿಗೆ ನೀರು ಬೆರೆಸಿದ ಫೆವಿಕಾಲ್, ಒಂದು ಹನಿ ಪಾತ್ರೆ ತೊಳೆಯುವ ದ್ರವ.

ಅಡಿಕೆ ಮರಕ್ಕೆ ತಂತಿಯ ಕಾಂಡ, ಕಾಗದದ ಗರಿ. ಹಿಂದಿನ ಪರದೆಯಲ್ಲಿ ತೋಟ ಬರೆಸಿ, ಮುಂದೆ ಹತ್ತಾರು ಮರ ನಿಲ್ಲಿಸಿದರೆ ಸಾಕು.

ಕೋಚುಗಳಿಗೆ ಕೊಳೆ ಯಾಕೆ ಬಳಿದಿದ್ದೀರಿ?

ಡಿಪೋಗೆ ಬರುವ ರೇಕು ಕೊಳೆಯಾಗಿರಬೇಕು, ಹೊರಡುವುದು ಶುಭ್ರವಾಗಿರಬೇಕು. ಅದಕ್ಕೆ ನಮ್ಮಲ್ಲಿ ಎರಡು ರೇಕುಗಳಿವೆ, ಪರದೆಯ ಹಿಂದೆ ಅದಲುಬದಲು ಆಗುತ್ತವೆ. ಕೊಳೆಗೂ ಒಂದು ಲೆಕ್ಕವಿದೆ. ಬ್ರೇಕಿನ ಕಂದು ದೂಳು ಬೋಗಿಗೆ, ಕೋಚಿನ ಕೆಳ ಅಂಚಿಗೆ ಹತ್ತಿರುತ್ತದೆ. ತೊಳೆಯುವ ಬ್ರಷ್ ಮುಟ್ಟದ ತುದಿ ಗೋಡೆಗಳು ತೊಳೆದ ಮೇಲೂ ಕಪ್ಪಗೇ ಇರುತ್ತವೆ. ತುದಿಯಲ್ಲಿ ಮುಂದಿನ ಓವರ್‌ಹಾಲ್ ತಾರೀಖು ಬರೆದ ಚಿಕ್ಕ ಚೌಕವಿರುತ್ತದೆ, ಅದನ್ನು ಮಾತ್ರ ಓದುವಂತೆ ಬಿಟ್ಟಿರುತ್ತಾರೆ. ಶೆಡ್ಡಿನ ಬಿಸಿಲು ಬೀಳದ ಗೋಡೆಗೆ ನೆಲದಿಂದ ಒಂದು ಬೆರಳೆತ್ತರ ಪಾಚಿ ಹಸಿರು ಕೊಡಿ, ಮಲೆನಾಡಿನ ಡಿಪೋ ಎಂದು ಯಾರೂ ಹೇಳಬೇಕಾಗಿಲ್ಲ.

ವಾಷಿಂಗ್ ಪ್ಲಾಂಟಿನಲ್ಲಿ ನಿಜವಾದ ನೀರು ಬಿಡುತ್ತೀರಾ?

ಇಲ್ಲ. ಕರೆಂಟು, ಅಂಟು, ಪ್ಲೈವುಡ್ಡು ಇರುವಲ್ಲಿ ನೀರಿಗೆ ಕೆಲಸವಿಲ್ಲ. ಬಾಟಲಿ ತೊಳೆಯುವ ಬ್ರಷ್ಷುಗಳನ್ನು ಕತ್ತರಿಸಿ ಸಣ್ಣ ಗೇರ್ ಮೋಟರಿಗೆ ಕಟ್ಟಿದ್ದೇವೆ, ನಿಧಾನ ತಿರುಗುತ್ತವೆ. ರೇಕು ಗಂಟೆಗೆ 5 ಕಿ.ಮೀ. ವೇಗದಲ್ಲಿ ದಾಟುತ್ತದೆ ಎಂದಿಟ್ಟುಕೊಂಡರೆ ಎಚ್‌ಒದಲ್ಲಿ ಸೆಕೆಂಡಿಗೆ 1.6 ಸೆಂ.ಮೀ. ಆರು ಕೋಚು ದಾಟಲು ಒಂದೂಮುಕ್ಕಾಲು ನಿಮಿಷ ಬೇಕು. "ಇದೇನ್ ಮಾರಾಯ್ರೆ, ಹೊರಡೋದೇ ಇಲ್ವಾ?" ಎನ್ನುವವರೂ ಕೊನೆಯ ಕೋಚು ದಾಟುವವರೆಗೆ ನಿಂತಿರುತ್ತಾರೆ.

ಪ್ರದರ್ಶನದ ದಿನ ಏನು ಮಾಡುತ್ತೀರಿ? ಸುಮ್ಮನೆ ಹಿಂದೆ ಮುಂದೆ ಓಡಿಸುವುದಾ?

ಸುಮ್ಮನೆ ಅಲ್ಲ, ಒಂದು ಡಬ್ಬಿಯಲ್ಲಿ ಚೀಟಿಗಳಿವೆ. ರೇಕು ಪಿಟ್ ಲೈನಿಗೆ ಬಂದ ಮೇಲೆ ನೋಡುತ್ತ ನಿಂತ ಮಗುವೊಂದನ್ನು ಕರೆದು ಒಂದು ಚೀಟಿ ಎತ್ತಿಸುತ್ತೇವೆ. 'ಮೂರನೇ ಕೋಚು, ಚಕ್ರ ಚಪ್ಪಟೆ', 'ಐದನೇ ಕೋಚು, ಎಸಿ ಕೆಟ್ಟಿದೆ', 'ಎಲ್ಲ ಸರಿಯಿದೆ', ಹೀಗೆ. ಬಂದ ಚೀಟಿಯಂತೆ ಕೆಟ್ಟ ಕೋಚನ್ನು ತೆಗೆದು, ಸ್ಟೇಬ್ಲಿಂಗ್ ಲೈನಿನಲ್ಲಿರುವ ಹೆಚ್ಚುವರಿ ಕೋಚನ್ನು ಅದೇ ಜಾಗಕ್ಕೆ ಸೇರಿಸಿ ರೇಕನ್ನು ಹೊರಡಿಸಬೇಕು.

ಮೂರನೇ ಕೋಚು ಎಂದಿಟ್ಟುಕೊಳ್ಳಿ. ಎಂಜಿನ್ ಮೊದಲ ಮೂರನ್ನು ನೆಕ್‌ಗೆ ಎಳೆಯುತ್ತದೆ, ಉಳಿದ ಮೂರು ಪಿಟ್‌ನಲ್ಲೇ ಇರುತ್ತವೆ. ಮೂರನ್ನೂ ಸಿಕ್ ಲೈನಿನ ಕಡೆ ತಳ್ಳಿ, ಕೊನೆಯದನ್ನು ಅಲ್ಲಿ ಕಳಚಿ, ಎರಡರ ಜೊತೆ ಹಿಂದೆ ಬರುತ್ತದೆ. ಸ್ಟೇಬ್ಲಿಂಗ್ ಲೈನಿಗೆ ಹೋಗಿ ಹೆಚ್ಚುವರಿ ಕೋಚನ್ನು ಸಿಕ್ಕಿಸಿಕೊಂಡು ಮತ್ತೆ ನೆಕ್, ಮತ್ತೆ ಪಿಟ್, ಅಲ್ಲಿ ಕಾದಿದ್ದ ಮೂರಕ್ಕೆ ಕೂಡಿಸಿದರೆ ರೇಕು ಪೂರ್ತಿ. ಆರನೆಯ ಕೋಚು ಕೆಟ್ಟರೆ ಇಡೀ ರೇಕನ್ನೇ ಹೊರಗೆಳೆಯಬೇಕು. ಎರಡೂ ತುದಿಯಲ್ಲಿರುವುದು ಜನರೇಟರ್ ಇರುವ ಪವರ್ ಕಾರ್, ಅದು ಕೆಟ್ಟರೆ ಇನ್ನೊಂದು ಪವರ್ ಕಾರೇ ಬೇಕು, ಮಾಮೂಲಿ ಕೋಚು ಸೇರಿಸುವಂತಿಲ್ಲ. ಎಲ್ಲ ಜೋಡಿಸಿದ ಮೇಲೆ ಬ್ರೇಕಿನ ಗಾಳಿ ಕೊನೆಯ ಕೋಚಿನವರೆಗೂ ತಲುಪಿತೇ ಎಂದು ನೋಡುವ ಪರೀಕ್ಷೆ. ಅಷ್ಟು ಹೊತ್ತು ಎಂಜಿನ್ ಮುಟ್ಟುವುದಿಲ್ಲ, ಅದೇ ನಿಯಮ.

ಈ ಹೊತ್ತಿಗೆ ಗುಂಪಿನಲ್ಲಿ ಯಾರಾದರೂ ಒಬ್ಬರು ರೈಲ್ವೆಯವರು ಇದ್ದೇ ಇರುತ್ತಾರೆ. "ಮೊದಲು ಸ್ಪೇರ್ ತಗೊಂಡು ಬಂದಿದ್ರೆ ಒಂದು ಮೂವ್ ಉಳೀತಿತ್ತು" ಎನ್ನುತ್ತಾರೆ. ಅವರಿಗೆ ಕಂಟ್ರೋಲರ್ ಕೊಟ್ಟುಬಿಡುತ್ತೇವೆ.

ಮಕ್ಕಳು ಮುಟ್ಟಿದರೆ?

ಮುಟ್ಟುತ್ತಾರೆ. ಮುಂದಿನ ಅಂಚಿಗೆ ಗೇಣುದ್ದದ ಅಕ್ರಿಲಿಕ್ ಹಾಳೆ ಇದೆ. ಲೇಔಟ್ ನೆಲದಿಂದ 1.1 ಮೀಟರ್ ಎತ್ತರದಲ್ಲಿದೆ, ದೊಡ್ಡವರಿಗೆ ಕೋಚಿನ ಬದಿ ಕಾಣುತ್ತದೆ. ಚಿಕ್ಕವರಿಗೆ ಉದ್ದ ಬೆಂಚು ಹಾಕುತ್ತೇವೆ. ಮುಟ್ಟಲೆಂದೇ ಒಂದು ಹಳೇ ಕೋಚು, ಒಂದು ಬೋಗಿ ಪಕ್ಕದ ಮೇಜಿನ ಮೇಲಿರುತ್ತವೆ. ಅದಿಟ್ಟ ಮೇಲೆ ಲೇಔಟಿಗೆ ಕೈ ಹಾಕುವುದು ಕಡಿಮೆಯಾಗಿದೆ.

ಕರೆಂಟು ಹೋದರೆ?

12 ವೋಲ್ಟಿನ ಒಂದು ಬ್ಯಾಟರಿ ಜೊತೆಗಿರುತ್ತದೆ. ಡಿಪೋ ಕತ್ತಲಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಎಷ್ಟು ಖರ್ಚಾಗುತ್ತದೆ?

ಹಲಗೆ, ಮಣ್ಣು, ಮರ, ಕಟ್ಟಡ ಇವಕ್ಕೆಲ್ಲ ಸೇರಿ ಆಗುವುದು ಅಲ್ಪ. ದುಡ್ಡು ಕುಡಿಯುವುದು ಎಂಜಿನ್, ಪಾಯಿಂಟು ಮತ್ತು ಕೋಚಿನ ಚಕ್ರಗಳು, ಅವು ಹೊರದೇಶದಿಂದ ಬರಬೇಕು. ಭಾರತೀಯ ಕೋಚುಗಳನ್ನು ಮಾಡಿ ಮಾರುವ ಸಣ್ಣ ತಯಾರಕರು ಈಗ ದೇಶದಲ್ಲೇ ಇದ್ದಾರೆ. ಹೊಸಬರಿಗೆ ನಮ್ಮ ಸಲಹೆ: ಒಂದು ಒಳ್ಳೆಯ ಶಂಟಿಂಗ್ ಎಂಜಿನ್, ಎರಡು ಪಾಯಿಂಟು, ಮೂರು ಕೋಚು. ಒಂದೇ ಹಲಗೆ ಸಾಲದು, ನೆಕ್‌ಗೆ ಎಂದು ಎರಡನೆಯದನ್ನೂ ಈಗಲೇ ಕತ್ತರಿಸಿಟ್ಟುಕೊಳ್ಳಿ.

ಸಾಗಿಸುವುದು ಹೇಗೆ?

ಹಲಗೆಗಳನ್ನು ಎರಡೆರಡಾಗಿ ಮುಖಾಮುಖಿ ಮಾಡಿ, ತುದಿಗೆ ಪ್ಲೈವುಡ್ ಬಿಗಿದರೆ ಪೆಟ್ಟಿಗೆಯಾಗುತ್ತದೆ. ಗೂಡ್ಸ್ ಆಟೋದಲ್ಲಿ ಟಾರ್ಪಾಲ್ ಹೊದಿಸಿ ಒಯ್ಯುತ್ತೇವೆ. ಹಲಗೆ ಹಲಗೆ ಕೂಡುವಲ್ಲಿ ಹಿತ್ತಾಳೆಯ ಗೂಟ, ಅದು ಕೂರುವ ಕುಳಿ ಇರಬೇಕು, ಬೋಲ್ಟು ಬಿಗಿದ ಮಾತ್ರಕ್ಕೆ ಹಳಿ ಹಳಿಗೆ ಸೇರುವುದಿಲ್ಲ. ಹೋದಲ್ಲಿ ಮೊದಲ ಕೆಲಸ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಳಿ ಮತ್ತು ಚಕ್ರ ಒರೆಸುವುದು.

ನಮ್ಮ ಶಾಲೆಗೆ, ಊರಿಗೆ ತರುತ್ತೀರಾ?

ದಸರೆಯಿಂದ ಬೇಸಿಗೆಯವರೆಗೆ ತರುತ್ತೇವೆ, ಮಳೆಗಾಲದಲ್ಲಿ ಇಲ್ಲ. ಸೋರದ ಕೋಣೆ ಇರಬೇಕು, ಉದ್ದ ಆರು ಮೀಟರ್, ಅಗಲ ಮೂರು ಮೀಟರ್ ಆದರೂ ಬೇಕು, ಲೇಔಟಿನ ಹಿಂದೆ ನಾವು ನಿಲ್ಲಬೇಕಲ್ಲ. ಅರ್ತಿಂಗ್ ಇರುವ ಒಂದು ಪ್ಲಗ್, ಒಂದು ಮೇಜು, ಎರಡು ಬೆಂಚು ಕೊಡಿ. ಜೋಡಿಸಲು ಎರಡು ಗಂಟೆ ಹಿಡಿಯುತ್ತದೆ, ಹಾಗಾಗಿ ಬೀಗದ ಕೈ ಹಿಂದಿನ ಸಂಜೆಯೇ ಸಿಕ್ಕರೆ ಒಳ್ಳೆಯದು. ಸಭಾಂಗಣ ಮಹಡಿಯ ಮೇಲಿದ್ದರೆ ಮೊದಲೇ ತಿಳಿಸಿ, ಹಲಗೆ ಹೊರಲು ಇನ್ನಿಬ್ಬರನ್ನು ಕರೆದುಕೊಂಡು ಬರುತ್ತೇವೆ.